ಮೆದುಳಿನ ಸೈನಸ್‌ನಲ್ಲಿ ರಕ್ತ ಹೆಪ್ಪುಗಟ್ಟಿದರೆ: ತಲೆನೋವು ಗುರುತಿಸುವುದರಿಂದ ಮಾತ್ರೆ ನಿಲ್ಲಿಸುವವರೆಗೆ

ಮೆದುಳಿನಿಂದ ರಕ್ತವನ್ನು ಹೊರಗೆ ಒಯ್ಯುವ ನಾಳಗಳಲ್ಲಿ ಹೆಪ್ಪು ಕಟ್ಟುವ ಕಾಯಿಲೆಯನ್ನು ವೈದ್ಯರು ಸಿವಿಟಿ ಎನ್ನುತ್ತಾರೆ. ಬೇಗ ಗೊತ್ತಾದರೆ ಹೆಚ್ಚಿನವರು ಚೆನ್ನಾಗಿ ಹುಷಾರಾಗುತ್ತಾರೆ. ಆದರೂ ಮೂರು ಜಾಗದಲ್ಲಿ ಮನೆಯವರು ಪದೇ ಪದೇ ಎಡವುತ್ತಾರೆ. ದಿನದಿಂದ ದಿನಕ್ಕೆ ಏರುವ ತಲೆನೋವನ್ನು ಸುಮ್ನೆ ತಲೆನೋವು ಎಂದುಕೊಳ್ಳುತ್ತಾರೆ. ಒಂದು ಸಾದಾ ಸಿಟಿ ಸ್ಕ್ಯಾನ್ ನಾರ್ಮಲ್ ಬಂದಿತೆಂದು ಮನೆಗೆ ಮರಳುತ್ತಾರೆ. ಡಿಸ್ಚಾರ್ಜ್ ಆಗಿ ಒಂದೆರಡು ತಿಂಗಳಾದ ಮೇಲೆ ರಕ್ತ ತೆಳು ಮಾಡುವ ಮಾತ್ರೆಯನ್ನು ತಾವೇ ನಿಲ್ಲಿಸುತ್ತಾರೆ. ಈ ಮೂರು ತಪ್ಪು ತಪ್ಪಿಸುವುದಕ್ಕೇ ಇಲ್ಲಿನ ಹಂತಗಳನ್ನು ಬರೆದಿದ್ದೇನೆ. ಔಷಧದ ಪ್ರಮಾಣವನ್ನು ನಿಮ್ಮ ವೈದ್ಯರೇ ಹೇಳಬೇಕು. ಅವರ ಹತ್ತಿರ ಏನು ಹೇಳಬೇಕು, ಏನು ಕೇಳಬೇಕು ಎನ್ನುವುದು ನಿಮಗೆ ಗೊತ್ತಿರಬೇಕು.

## ಮೊದಲು ಇಷ್ಟು ತಿಳಿದಿರಲಿ

ಇಲ್ಲಿ ಸೈನಸ್ ಅಂದರೆ ಮೂಗಿನ ಪಕ್ಕದ ಸೈನಸ್ ಅಲ್ಲ. ಮೆದುಳಿನ ಹೊದಿಕೆಯೊಳಗೆ ದೊಡ್ಡ ರಕ್ತದ ಕಾಲುವೆಗಳಿವೆ. ನೆತ್ತಿಯ ಉದ್ದಕ್ಕೂ ಹಿಂದಕ್ಕೆ ಹೋಗುವುದು ಸ್ಯಾಜಿಟಲ್ ಸೈನಸ್. ತಲೆಯ ಹಿಂದೆ ಎರಡೂ ಪಕ್ಕಕ್ಕೆ ಹೋಗುವುದು ಟ್ರಾನ್ಸ್‌ವರ್ಸ್ ಸೈನಸ್. ಅದು ಕಿವಿಯ ಹಿಂದೆ ಸಿಗ್ಮಾಯ್ಡ್ ಸೈನಸ್ ಆಗಿ ಇಳಿದು ಕತ್ತಿನ ನಾಳಕ್ಕೆ ಸೇರುತ್ತದೆ.

ಬಚ್ಚಲಿನ ಕಿಂಡಿ ಕಟ್ಟಿಕೊಂಡರೆ ನೀರು ಮೇಲಕ್ಕೆ ನಿಲ್ಲುತ್ತದೆ. ಇಲ್ಲೂ ಹಾಗೇ. ರಕ್ತ ಒಳಗೆ ಬರುತ್ತಲೇ ಇರುತ್ತದೆ, ಹೊರಗೆ ಹೋಗಲು ದಾರಿ ಇಲ್ಲ. ತಲೆಯೊಳಗೆ ಒತ್ತಡ ಏರುತ್ತದೆ, ಮೆದುಳು ಊದಿಕೊಳ್ಳುತ್ತದೆ. ಒತ್ತಡ ಜಾಸ್ತಿಯಾದರೆ ಸಣ್ಣ ನಾಳ ಒಡೆದು ರಕ್ತ ಸೋರುತ್ತದೆ. ಈ ಕೊನೆಯ ಮಾತು ನೆನಪಿರಲಿ, 6ನೇ ಹಂತದಲ್ಲಿ ಬೇಕಾಗುತ್ತದೆ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಒಂದು ಹಾಳೆಯಲ್ಲಿ ತಲೆನೋವು ಯಾವ ದಿನ ಶುರುವಾಯಿತು, ವಾಂತಿ ಯಾವಾಗ, ಫಿಟ್ಸ್ ಯಾವಾಗ ಎಂದು ತಾರೀಕಿನ ಜೊತೆ ಬರೆಯಿರಿ. ಹೆರಿಗೆಯ ಡಿಸ್ಚಾರ್ಜ್ ಚೀಟಿ ಅಥವಾ ತಾಯಿ ಕಾರ್ಡ್ ಇರಲಿ. ಬಸಿರಿನಲ್ಲಿ ಮತ್ತು ಹೆರಿಗೆಯ ನಂತರ ಬಿಪಿ ಎಷ್ಟಿತ್ತು ಎನ್ನುವುದು ತುಂಬ ಮುಖ್ಯ. ಈಗ ನುಂಗುತ್ತಿರುವ ಎಲ್ಲ ಮಾತ್ರೆಯ ಖಾಲಿ ಪಟ್ಟಿಗಳನ್ನೂ ಒಂದು ಕವರ್‌ಗೆ ಹಾಕಿ. ಆಧಾರ್ ಮತ್ತು ರೇಷನ್ ಕಾರ್ಡ್ ಜೊತೆಗಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಆಸ್ಪತ್ರೆಯಲ್ಲೇ ವಿಚಾರಿಸಬಹುದು.

## ಹಂತ 1: ಯಾರಿಗೆ ಅಪಾಯ ಜಾಸ್ತಿ ಎಂದು ನೋಡಿ

ಸಾಮಾನ್ಯ ಸ್ಟ್ರೋಕ್ ಎಂದರೆ ವಯಸ್ಸಾದವರ ಕಾಯಿಲೆ ಎಂದುಕೊಳ್ಳುತ್ತೇವೆ. ಇದು ಹಾಗಲ್ಲ. 20ರಿಂದ 50 ವರ್ಷದೊಳಗಿನವರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ ಜಾಸ್ತಿ. ಹಾಗಾಗಿ "ಇಷ್ಟು ಚಿಕ್ಕ ವಯಸ್ಸಿಗೆ ಏನಾಗುತ್ತೆ ಬಿಡಿ" ಎನ್ನುವ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು.

ನಮ್ಮಲ್ಲಿ ಮೊದಲು ನೋಡಬೇಕಾದವರು ಬಾಣಂತಿಯರು. ಬಸಿರಿನ ಕೊನೆಯಿಂದ ಹೆರಿಗೆಯಾಗಿ 6 ವಾರದವರೆಗೆ ಅಪಾಯ ಹೆಚ್ಚು. ಅದರಲ್ಲೂ ಹೆರಿಗೆಯ ನಂತರದ ಮೊದಲ 3 ವಾರ ಕಣ್ಣಿಟ್ಟು ನೋಡಬೇಕು. ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗಬಾರದೆಂದು ದೇಹ ತಾನಾಗಿಯೇ ರಕ್ತವನ್ನು ಬೇಗ ಹೆಪ್ಪುಗಟ್ಟುವಂತೆ ಮಾಡಿಕೊಂಡಿರುತ್ತದೆ. ಅದರ ಮೇಲೆ ರಕ್ತಹೀನತೆ, ಸೋಂಕು, ಸಿಸೇರಿಯನ್ ಸೇರಿದರೆ ಅಪಾಯ ಏರುತ್ತದೆ.

ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ಇನ್ನೂ ಎಷ್ಟೋ ಮನೆಗಳಲ್ಲಿದೆ. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎಂದು ಅಜ್ಜಿಯರು ಅಕ್ಕರೆಯಿಂದಲೇ ಹೇಳುತ್ತಾರೆ. ಆದರೆ ದೇಹದಲ್ಲಿ ನೀರು ಕಡಿಮೆಯಾದಷ್ಟೂ ರಕ್ತ ಗಟ್ಟಿಯಾಗುತ್ತದೆ. ಮೊಲೆಯೂಡಿಸುವ ತಾಯಿಗೆ ನೀರು ಇನ್ನೂ ಜಾಸ್ತಿ ಬೇಕು. ಬಿಸಿನೀರೇ ಕೊಡಿ, ಜೀರಿಗೆ ನೀರೇ ಕೊಡಿ, ಬಾಯಾರಿಕೆ ತೀರುವಷ್ಟು ಕೊಡಿ. ಜೊತೆಗೆ ದಿನವಿಡೀ ಮಲಗಿಸದೆ ಮನೆಯೊಳಗೆ ನಡೆದಾಡಲು ಬಿಡಿ.

ಎರಡನೆಯವರು ಹಾರ್ಮೋನ್ ಮಾತ್ರೆ ನುಂಗುವವರು. ಗರ್ಭನಿರೋಧಕ ಮಾತ್ರೆಯಲ್ಲಿರುವ ಈಸ್ಟ್ರೋಜನ್ ಹೆಪ್ಪು ಕಟ್ಟುವ ಸಾಧ್ಯತೆ ಹೆಚ್ಚಿಸುತ್ತದೆ. ಪೂಜೆ, ಮದುವೆ, ಯಾತ್ರೆಗೆಂದು ಮುಟ್ಟು ಮುಂದೂಡಲು ನುಂಗುವ ಮಾತ್ರೆಯನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ, ಅಲ್ವಾ? ಅದರಲ್ಲಿ ಸಾಮಾನ್ಯವಾಗಿ ಇರುವುದು ನಾರ್‌ಎಥಿಸ್ಟರಾನ್. ಅದರ ಸ್ವಲ್ಪ ಭಾಗ ದೇಹದೊಳಗೆ ಈಸ್ಟ್ರೋಜನ್ ಆಗಿ ಬದಲಾಗುತ್ತದೆ. ಮೆಡಿಕಲ್ ಸ್ಟೋರ್‌ನಲ್ಲಿ ಚೀಟಿಯಿಲ್ಲದೆ ತಂದಿದ್ದರೂ ವೈದ್ಯರಿಗೆ ಮರೆಯದೆ ಹೇಳಿ.

ಗಂಡಸರಿಗೆ ಬರುವುದಿಲ್ಲ ಎಂದೇನಿಲ್ಲ. ಕುಡಿತ, ವಾಂತಿಭೇದಿಯಿಂದ ನೀರು ಕಡಿಮೆಯಾಗುವುದು, ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ಅಂಶ ಏರಿರುವುದು ಇವೆಲ್ಲ ಕಾರಣವಾಗಬಹುದು. ವಿಟಮಿನ್ ಬಿ12 ಕೊರತೆಯಾದರೆ ಹೋಮೋಸಿಸ್ಟೀನ್ ಏರುತ್ತದೆ, ಶುದ್ಧ ಸಸ್ಯಾಹಾರಿಗಳಲ್ಲಿ ಈ ಕೊರತೆ ಸಾಮಾನ್ಯ. ತುಂಬ ದಿನ ಕಿವಿ ಸೋರುತ್ತಿದ್ದವರಲ್ಲಿ ಸೋಂಕು ಕಿವಿಯ ಹಿಂದಿನ ಸೈನಸ್‌ಗೆ ಹಬ್ಬಬಹುದು. ಮೂಗು ಮತ್ತು ಮೇಲ್ದುಟಿಯ ಸುತ್ತ ಎದ್ದ ಕುರು ಹಿಸುಕಿದರೆ ಕಣ್ಣಿನ ಹಿಂದಿನ ಕ್ಯಾವರ್ನಸ್ ಸೈನಸ್‌ಗೆ ಸೋಂಕು ಹೋಗಬಹುದು. ಕ್ಯಾನ್ಸರ್ ಇರುವವರು, ಕಾಲಿನ ನಾಳದಲ್ಲಿ ಹಿಂದೆ ಹೆಪ್ಪು ಕಟ್ಟಿದ್ದವರು, ಮನೆಯಲ್ಲಿ ಯಾರಿಗಾದರೂ ಹಾಗಾಗಿರುವವರು ಸಹ ಈ ಪಟ್ಟಿಗೆ ಸೇರುತ್ತಾರೆ.

## ಹಂತ 2: ತಲೆನೋವಿನ ಸ್ವಭಾವ ಗಮನಿಸಿ

ಈ ಕಾಯಿಲೆಯ ದೊಡ್ಡ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. 21 ದೇಶಗಳ 624 ರೋಗಿಗಳು ಅದರಲ್ಲಿದ್ದರು. 10ರಲ್ಲಿ ಸುಮಾರು 9 ಜನಕ್ಕೆ ತಲೆನೋವಿತ್ತು. ತಲೆನೋವು ಯಾರಿಗೆ ಬರುವುದಿಲ್ಲ ಹೇಳಿ? ಅದಕ್ಕೇ ನೋವಿನ ಸ್ವಭಾವ ನೋಡಬೇಕು.

ಈ ನೋವು ಹೆಚ್ಚಾಗಿ ನಿಧಾನಕ್ಕೆ ಏರುತ್ತದೆ. ಮೊದಲ ದಿನಕ್ಕಿಂತ ಮೂರನೇ ದಿನ ಜಾಸ್ತಿ, ಅದಕ್ಕಿಂತ ಐದನೇ ದಿನ ಜಾಸ್ತಿ. ಮಾತ್ರೆ ನುಂಗಿದರೆ ಸ್ವಲ್ಪ ಹೊತ್ತು ತಗ್ಗಿ ಮತ್ತೆ ಬರುತ್ತದೆ. ಮಲಗಿದಾಗ, ಕೆಮ್ಮಿದಾಗ, ಬಗ್ಗಿದಾಗ, ಮುಕ್ಕಿದಾಗ ಹೆಚ್ಚಾಗುತ್ತದೆ. ಬೆಳಗ್ಗೆ ಏಳುವಾಗಲೇ ನೋವು, ಜೊತೆಗೆ ವಾಂತಿ. ಕೆಲವರಿಗೆ ಮಾತ್ರ ಸಿಡಿಲು ಬಡಿದಂತೆ ಒಮ್ಮೆಲೇ ಬರುತ್ತದೆ.

ಈ ನೋವನ್ನು ನಾಲ್ಕು ಬೇರೆ ನೋವಿನ ಜೊತೆ ಗೊಂದಲ ಮಾಡಿಕೊಳ್ಳುವುದು ಮಾಮೂಲು.

ಮೈಗ್ರೇನ್ ಇದ್ದವರು "ಅದೇ ಬಂತು" ಎಂದುಕೊಳ್ಳುತ್ತಾರೆ. ಮೈಗ್ರೇನ್ ಬಂದು ಹೋಗುತ್ತದೆ, ನಡುವೆ ಆರಾಮ ಇರುತ್ತದೆ. ನಿಮ್ಮ ಎಂದಿನ ಮೈಗ್ರೇನ್‌ಗಿಂತ ಈ ಸಲದ್ದು ಬೇರೆ ಥರ ಇದ್ದರೆ, ಬಿಡದೆ ಹಿಡಿದಿದ್ದರೆ, ಹಳೆಯ ಮಾತ್ರೆಯ ಮೇಲೆ ಭರವಸೆ ಇಡಬೇಡಿ.

ಸಿಸೇರಿಯನ್‌ಗೆ ಬೆನ್ನಿಗೆ ಅರಿವಳಿಕೆ (ಸ್ಪೈನಲ್) ಕೊಟ್ಟ ಮೇಲೂ ತಲೆನೋವು ಬರುತ್ತದೆ. ಅದು ಎದ್ದು ಕೂತರೆ ಜಾಸ್ತಿ, ಮಲಗಿದರೆ ಕಡಿಮೆ. ಸಿವಿಟಿಯ ನೋವು ಹೆಚ್ಚಾಗಿ ಇದಕ್ಕೆ ಉಲ್ಟಾ. ಮೊದಮೊದಲು ಮಲಗಿದರೆ ಕಡಿಮೆಯಾಗುತ್ತಿದ್ದ ನೋವು ಆಮೇಲೆ ಮಲಗಿದರೂ ಹೋಗದಂತಾದರೆ ಅದು ದೊಡ್ಡ ಎಚ್ಚರಿಕೆ. ಸ್ಪೈನಲ್‌ನ ನೋವು, ಕಾಫಿ ಕುಡಿದು ಮಲಗಿ ಎಂದು ಕಳಿಸಿದವರ ಹತ್ತಿರವೇ ಮತ್ತೆ ಹೋಗಿ ಈ ಬದಲಾವಣೆ ಹೇಳಿ.

ಮೂರನೆಯದು ಬಿಪಿ. ಬಸಿರಿನಲ್ಲಿ ಅಥವಾ ಹೆರಿಗೆಯ ನಂತರ ಬಿಪಿ ಏರಿ ತಲೆನೋವು, ಫಿಟ್ಸ್ ಬರುವುದು ಎಕ್ಲಾಂಪ್ಸಿಯಾ. ಅದೂ ಅಷ್ಟೇ ತುರ್ತು. ಎರಡನ್ನೂ ಮನೆಯಲ್ಲಿ ಬೇರ್ಪಡಿಸಲು ಹೋಗಬೇಡಿ. ನಾಲ್ಕನೆಯದು ಮೂಗಿನ ಸೈನಸ್. ಹಬೆ ತೆಗೆದುಕೊಂಡು ದಿನ ದೂಡುವವರು ಬಹಳ. ಮೂಗು ಕಟ್ಟಿಲ್ಲ, ನೆಗಡಿಯಿಲ್ಲ, ತಲೆ ಮಾತ್ರ ಸಿಡಿಯುತ್ತಿದೆ ಅಂದರೆ ಅದು ಮೂಗಿನದ್ದಲ್ಲ.

## ಹಂತ 3: ಇವು ಕಂಡರೆ ಒಂದು ರಾತ್ರಿಯೂ ಕಾಯಬೇಡಿ

ಹೊಸದಾಗಿ ಫಿಟ್ಸ್ ಬಂದರೆ. ಒಂದು ಕೈ ಅಥವಾ ಕಾಲು ಜೋಮು ಹಿಡಿದರೆ, ಬಲ ಕಳೆದುಕೊಂಡರೆ. ಮಾತು ತೊದಲಿದರೆ. ಒಂದು ವಸ್ತು ಎರಡಾಗಿ ಕಂಡರೆ, ಕಣ್ಣು ಮಬ್ಬಾದರೆ, ಎದ್ದು ನಿಂತಾಗ ಕೆಲವು ಕ್ಷಣ ಕಣ್ಣು ಕತ್ತಲೆಗಟ್ಟಿದರೆ. ಕಣ್ಣು ಕೆಂಪಾಗಿ ಮುಂದೆ ಉಬ್ಬಿದರೆ. ಕರೆದರೂ ಸರಿಯಾಗಿ ಓಗೊಡದೆ ಮಂಪರಿನಲ್ಲಿದ್ದರೆ.

ಮೇಲಿನ ಅಧ್ಯಯನದಲ್ಲಿ 10ರಲ್ಲಿ ಸುಮಾರು 4 ಜನಕ್ಕೆ ಫಿಟ್ಸ್ ಬಂದಿತ್ತು. ಮಾಮೂಲು ಸ್ಟ್ರೋಕ್‌ನಲ್ಲಿ ಶುರುವಿನಲ್ಲೇ ಫಿಟ್ಸ್ ಬರುವುದು ಇದಕ್ಕಿಂತ ತುಂಬ ಕಡಿಮೆ. ಹಾಗಾಗಿ ತಲೆನೋವಿನ ಜೊತೆ ಫಿಟ್ಸ್ ಎಂದ ಕೂಡಲೇ ಸಿವಿಟಿ ನೆನಪಾಗಬೇಕು.

ಬಾಣಂತಿಯ ನಡವಳಿಕೆ ಬದಲಾದರೂ ಹಗುರವಾಗಿ ನೋಡಬೇಡಿ. ಅರ್ಥವಿಲ್ಲದ ಮಾತು, ಮನೆಯವರ ಗುರುತು ಸಿಗದಿರುವುದು, ಸುಮ್ಮನೆ ನಿದ್ದೆಗೆ ಜಾರುವುದು ಕಂಡರೆ ನಮ್ಮ ಕಡೆ ಬಾಣಂತಿ ಸನ್ನಿ ಎಂದುಬಿಡುತ್ತಾರೆ. ಕೆಲವರು ಗಾಳಿ ಸೋಕಿದೆ ಎಂದು ಯಂತ್ರ ಕಟ್ಟಿಸಲು ಓಡುತ್ತಾರೆ. ಮೆದುಳಿನ ಒಳಭಾಗದ ಸ್ಟ್ರೇಟ್ ಸೈನಸ್ ಕಟ್ಟಿಕೊಂಡರೆ ಹೀಗೇ ಆಗುತ್ತದೆ. ಕೈಕಾಲು ಎರಡೂ ಆಡುತ್ತಿರುತ್ತವೆ, ಆದರೆ ಪ್ರಜ್ಞೆ ಮಂಕಾಗುತ್ತಾ ಹೋಗುತ್ತದೆ. ಹಾಗಾಗಿ ಮೊದಲು ಆಸ್ಪತ್ರೆ. ದೇವರಿಗೆ ಹರಕೆ ಹೊತ್ತುಕೊಳ್ಳುವುದನ್ನು ಆಂಬ್ಯುಲೆನ್ಸ್‌ನಲ್ಲಿ ಕೂತೂ ಮಾಡಬಹುದು.

ಫಿಟ್ಸ್ ಬರುತ್ತಿರುವಾಗ ಮಾಡಬೇಕಾದ್ದು. ಸುತ್ತಲಿನ ಗಟ್ಟಿ ವಸ್ತು ಸರಿಸಿ. ಮಗು ಕೈಯಲ್ಲಿದ್ದರೆ ಮೊದಲು ಮಗುವನ್ನು ಎತ್ತಿಕೊಳ್ಳಿ. ತಲೆಯ ಕೆಳಗೆ ಮೆತ್ತಗಿನ ಬಟ್ಟೆ ಇಡಿ. ಒಂದು ಪಕ್ಕಕ್ಕೆ ಹೊರಳಿಸಿ, ಜೊಲ್ಲು ಹೊರಗೆ ಹರಿಯಲಿ. ಗಡಿಯಾರ ನೋಡಿ. 5 ನಿಮಿಷ ದಾಟಿದರೆ ಅಥವಾ ಎಚ್ಚರವಾಗುವ ಮೊದಲೇ ಮತ್ತೆ ಬಂದರೆ ಜೀವಕ್ಕೇ ಅಪಾಯ. ಬಾಯಿಗೆ ಚಮಚ ತುರುಕಬೇಡಿ, ನೀರು ಹಾಕಬೇಡಿ. ಕೈಗೆ ಕಬ್ಬಿಣ ಕೊಡುವುದರಿಂದ, ಈರುಳ್ಳಿ ಮೂಸಿಸುವುದರಿಂದ ಫಿಟ್ಸ್ ನಿಲ್ಲುವುದಿಲ್ಲ. ನಿಂತ ಮೇಲೂ ಮನೆಯಲ್ಲಿ ಉಳಿಯಬೇಡಿ, 108ಕ್ಕೆ ಫೋನ್ ಮಾಡಿ.

## ಹಂತ 4: ಎಲ್ಲಿಗೆ ಹೋಗಬೇಕು, ಏನು ಹೇಳಬೇಕು

ಸಿಟಿ ಅಥವಾ ಎಂಆರ್‌ಐ ಇರುವ, ನರರೋಗ ತಜ್ಞರು ಸಿಗುವ ಆಸ್ಪತ್ರೆಯೇ ಗುರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಕಾಯಿಲೆಯ, ಅದರಲ್ಲೂ ಬಾಣಂತಿಯರ ಸಿವಿಟಿಯ ಚಿಕಿತ್ಸೆ ಮತ್ತು ಅಧ್ಯಯನ ದಶಕಗಳಿಂದ ನಡೆದಿದೆ. ಆದರೆ ದೂರದ ಊರಿನವರು ನೇರ ಬೆಂಗಳೂರಿಗೇ ಹೊರಡುವುದು ತಪ್ಪು. ಹತ್ತಿರದ ಜಿಲ್ಲಾ ಆಸ್ಪತ್ರೆ ಅಥವಾ ಮೆಡಿಕಲ್ ಕಾಲೇಜಿನ ಕ್ಯಾಶುವಾಲ್ಟಿಗೆ ಹೋಗಿ. ಫಿಟ್ಸ್ ನಿಲ್ಲಿಸಿ, ಉಸಿರಾಟ ಸರಿಪಡಿಸಿ, ಸ್ಕ್ಯಾನ್ ಮಾಡಿ ಆಮೇಲೆ ಕಳಿಸಬೇಕಾದರೆ ಅವರೇ ಕಳಿಸುತ್ತಾರೆ. ದಾರಿಯಲ್ಲಿ ಫಿಟ್ಸ್ ಬಂದರೆ ಕಾರಿನಲ್ಲಿ ಏನೂ ಮಾಡಲಾಗದು.

ಕ್ಯಾಶುವಾಲ್ಟಿಯಲ್ಲಿ ಗಡಿಬಿಡಿ ಇರುತ್ತದೆ. "ತಲೆನೋವು ಡಾಕ್ಟ್ರೇ" ಎಂದಷ್ಟೇ ಹೇಳಿದರೆ ಸಾಲದು. ಹೀಗೆ ಹೇಳಿ:

"ಡಾಕ್ಟ್ರೇ, ಹೆರಿಗೆಯಾಗಿ 12 ದಿನ ಆಯ್ತು. 5 ದಿನದಿಂದ ತಲೆನೋವು ಏರ್ತಾನೇ ಇದೆ. ಮಲಗಿದರೆ ಜಾಸ್ತಿ. ಬೆಳಗ್ಗೆ ವಾಂತಿ. ಇವತ್ತು ಒಂದು ಸಲ ಫಿಟ್ಸ್ ಬಂತು. ಸಿವಿಟಿ ಇರಬಹುದಾ? ವೀನೋಗ್ರಾಮ್ ಮಾಡಿಸಬೇಕಾ?"

ವೀನೋಗ್ರಾಮ್ ಅಂದರೆ ಈ ನಾಳಗಳನ್ನೇ ತೋರಿಸುವ ಸ್ಕ್ಯಾನ್. ಹೀಗೆ ಕೇಳಲು ಸಂಕೋಚ ಬೇಡ. ವೈದ್ಯರಿಗೆ ಪಾಠ ಹೇಳಿದಂತಲ್ಲ. ಎಷ್ಟು ದಿನದ ಬಾಣಂತಿ, ಯಾವ ಹಾರ್ಮೋನ್ ಮಾತ್ರೆ ಎನ್ನುವುದು ನಿಮ್ಮ ಬಾಯಿಂದ ಬಾರದಿದ್ದರೆ ಅವರಿಗೆ ಗೊತ್ತಾಗುವ ದಾರಿಯೇ ಇಲ್ಲ. ಮದುವೆಯಾಗದ ಹುಡುಗಿ ಮುಟ್ಟಿನ ಮಾತ್ರೆ ನುಂಗಿದ್ದರೆ ಮನೆಯವರ ಮುಂದೆ ಹೇಳದೇ ಇರಬಹುದು. ಅವಳಿಗೆ ವೈದ್ಯರ ಜೊತೆ ಒಬ್ಬಳೇ ಮಾತಾಡಲು ಬಿಡಿ.

## ಹಂತ 5: ಸರಿಯಾದ ಸ್ಕ್ಯಾನ್ ಆಗಿದೆಯೇ ನೋಡಿ

ಎರಡನೇ ದೊಡ್ಡ ತಪ್ಪು ಆಗುವುದು ಇಲ್ಲೇ. ಕಾಂಟ್ರಾಸ್ಟ್ (ನಾಳಗಳು ಎದ್ದು ಕಾಣಲೆಂದು ಚುಚ್ಚುವ ಔಷಧ) ಇಲ್ಲದ ಸಾದಾ ಸಿಟಿ ಸ್ಕ್ಯಾನ್ ಸಿವಿಟಿಯಲ್ಲಿ ಎಷ್ಟೋ ಸಲ ನಾರ್ಮಲ್ ಬರುತ್ತದೆ. ಹೊಸ ಹೆಪ್ಪು ಬಿಳಿಯ ಗೆರೆಯಂತೆ ಅಥವಾ ತ್ರಿಕೋನದಂತೆ ಕಾಣಬಹುದು. ಆದರೆ ಎಲ್ಲರಲ್ಲೂ ಕಾಣುವುದಿಲ್ಲ. ಸಾದಾ ಸಿಟಿಯಿಂದ ದೊಡ್ಡ ರಕ್ತಸ್ರಾವ, ಗೆಡ್ಡೆ ಇಲ್ಲ ಎಂದು ಗೊತ್ತಾಗುತ್ತದೆ. ಹೆಪ್ಪು ಇಲ್ಲ ಎಂದು ಗೊತ್ತಾಗುವುದಿಲ್ಲ.

ಬೇಕಾದದ್ದು ಆ ನಾಳಗಳನ್ನೇ ತೋರಿಸುವ ಪರೀಕ್ಷೆ. ಎಂಆರ್‌ಐ ಜೊತೆ ಎಂಆರ್ ವೀನೋಗ್ರಾಮ್, ಇಲ್ಲವೇ ಸಿಟಿ ವೀನೋಗ್ರಾಮ್. ಎರಡರಲ್ಲಿ ಯಾವುದು ಬೇಗ ಸಿಗುತ್ತದೋ ಅದು ಒಳ್ಳೆಯದು. ಎಂಆರ್‌ಐ ಸರದಿ ನಾಳೆಗೆ ಇದೆ, ಸಿಟಿ ಈಗಲೇ ಇದೆ ಅಂದರೆ ಸಿಟಿ ವೀನೋಗ್ರಾಮ್ ಸಾಕಾಗುತ್ತದೆಯೇ ಎಂದು ಕೇಳಿ. ಬಸುರಿಯಾಗಿದ್ದರೆ ಕಾಂಟ್ರಾಸ್ಟ್ ಇಲ್ಲದೆ ಎಂಆರ್ ವೀನೋಗ್ರಾಮ್ ಮಾಡಬಹುದು. ಬಾಣಂತಿಗೆ ಕಾಂಟ್ರಾಸ್ಟ್ ಕೊಟ್ಟರೂ ಮಗುವಿಗೆ ಹಾಲು ನಿಲ್ಲಿಸಬೇಕಾಗಿಲ್ಲ.

ರಿಪೋರ್ಟ್ ಓದುವಾಗ ಒಂದು ಎಚ್ಚರ. "ಲೆಫ್ಟ್ ಟ್ರಾನ್ಸ್‌ವರ್ಸ್ ಸೈನಸ್ ಹೈಪೋಪ್ಲಾಸ್ಟಿಕ್" ಎಂದಿದ್ದರೆ ಎಡಗಡೆಯ ಕಾಲುವೆ ಹುಟ್ಟಿನಿಂದಲೇ ಸಣ್ಣದು ಎಂದರ್ಥ. ಅದು ತುಂಬ ಜನರಲ್ಲಿರುತ್ತದೆ, ಕಾಯಿಲೆಯಲ್ಲ. ಆದರೆ ಕೆಲವೊಮ್ಮೆ ಸಣ್ಣ ಕಾಲುವೆಯನ್ನು ಹೆಪ್ಪು ಎಂದೂ, ಹೆಪ್ಪನ್ನು ಸಣ್ಣ ಕಾಲುವೆ ಎಂದೂ ಓದುವುದುಂಟು. ಹಾಗಾಗಿ ರಿಪೋರ್ಟ್ ಕಾಗದದ ಜೊತೆ ಸ್ಕ್ಯಾನ್‌ನ ಸಿಡಿಯನ್ನೂ ಕೇಳಿ ತೆಗೆದುಕೊಳ್ಳಿ. ನರರೋಗ ತಜ್ಞರು ಚಿತ್ರಗಳನ್ನೇ ನೋಡಬೇಕು.

ಡಿ-ಡೈಮರ್ ಎಂಬ ರಕ್ತ ಪರೀಕ್ಷೆ ಹೆಪ್ಪಿನ ಸುಳಿವು ಕೊಡುತ್ತದೆ. ಅದು ನಾರ್ಮಲ್ ಇದ್ದರೂ ಲಕ್ಷಣ ಬಲವಾಗಿದ್ದರೆ ಸ್ಕ್ಯಾನ್ ಬಿಡುವಂತಿಲ್ಲ. ಹೆರಿಗೆಯ ಆಸುಪಾಸಿನಲ್ಲಿ ಅದು ಹೇಗೂ ಏರಿಯೇ ಇರುತ್ತದೆ.

## ಹಂತ 6: ಹೆಪಾರಿನ್ ಶುರುವಾಗಲಿ, ರಕ್ತಸ್ರಾವ ಇದ್ದರೂ

ಈ ಹಂತವನ್ನು ಎರಡು ಸಲ ಓದಿ. ಮನೆಯವರು ಒಪ್ಪಿಗೆ ಕೊಡಲು ಹಿಂಜರಿಯುವುದು ಇಲ್ಲೇ.

ಚಿಕಿತ್ಸೆಯ ಬೆನ್ನೆಲುಬು ರಕ್ತ ಹೆಪ್ಪುಗಟ್ಟದಂತೆ ಮಾಡುವ ಹೆಪಾರಿನ್. ಹೆಚ್ಚಾಗಿ ಹೊಟ್ಟೆಯ ಚರ್ಮದಡಿ ಅದರದೇ ಒಂದು ಬಗೆಯಾದ ಎನಾಕ್ಸಪರಿನ್ ಇಂಜೆಕ್ಷನ್ ಕೊಡುತ್ತಾರೆ. ಸಾಮಾನ್ಯವಾಗಿ ದಿನಕ್ಕೆ 2 ಸಲ, ಪ್ರತಿ ಸಲ ದೇಹದ ತೂಕದ ಪ್ರತಿ ಕಿಲೋಗೆ 1 ಮಿಲಿಗ್ರಾಂ. ಮೂತ್ರಪಿಂಡ ಸರಿಯಿಲ್ಲದಿದ್ದರೆ ಪ್ರಮಾಣ ಬದಲಾಗುತ್ತದೆ. ಆದ್ದರಿಂದ ತೂಕ ಅಂದಾಜಿಗೆ ಹೇಳಬೇಡಿ, ತೂಗಿಸಿ. ಹೆರಿಗೆಗೆ ಮುಂಚಿನ ತೂಕವನ್ನಂತೂ ಹೇಳಲೇಬೇಡಿ.

ಸ್ಕ್ಯಾನ್‌ನಲ್ಲಿ ಮೆದುಳಿನೊಳಗೆ ರಕ್ತ ಸೋರಿದ್ದು ಕಂಡರೆ "ರಕ್ತ ಸೋರುತ್ತಿದೆ ಅಂತೀರಿ, ಮತ್ತೆ ರಕ್ತ ತೆಳು ಮಾಡೋ ಇಂಜೆಕ್ಷನ್ ಯಾಕೆ?" ಎಂದು ಯಾರಾದರೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರ ಶುರುವಿನಲ್ಲೇ ಇದೆ. ಹೊರಗೆ ಹೋಗುವ ದಾರಿ ಕಟ್ಟಿ ಒತ್ತಡ ಏರಿದ್ದರಿಂದ ರಕ್ತ ಸೋರಿದೆ. ಹೆಪ್ಪು ಬೆಳೆಯುತ್ತಾ ಹೋದರೆ ಒತ್ತಡ ಇನ್ನೂ ಏರಿ ಇನ್ನಷ್ಟು ಸೋರುತ್ತದೆ. ಹೆಪಾರಿನ್ ಹೆಪ್ಪು ಬೆಳೆಯುವುದನ್ನು ತಡೆಯುತ್ತದೆ. ಆಗ ದೇಹ ತನ್ನ ಹೆಪ್ಪನ್ನು ತಾನೇ ಕರಗಿಸಿಕೊಳ್ಳಲು ಸಮಯ ಸಿಗುತ್ತದೆ.

1991ರಲ್ಲಿ ಜರ್ಮನಿಯ ವೈದ್ಯರು 20 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದರು. 10 ಜನಕ್ಕೆ ಹೆಪಾರಿನ್, 10 ಜನಕ್ಕೆ ಬರೀ ಹುಸಿ ಔಷಧ. ಹುಸಿ ಔಷಧದ ಗುಂಪಿನಲ್ಲಿ 3 ಜನ ತೀರಿಕೊಂಡರು, ಹೆಪಾರಿನ್ ಗುಂಪಿನಲ್ಲಿ ಯಾರೂ ಸಾಯಲಿಲ್ಲ. ಚಿಕ್ಕ ಅಧ್ಯಯನ ನಿಜ. ಆದರೆ ನಂತರದ ಅನುಭವವೂ, ನಿಮ್ಹಾನ್ಸ್‌ನಲ್ಲಿ ಬಾಣಂತಿಯರಿಗೆ ಹೆಪಾರಿನ್ ಕೊಟ್ಟು ಕಂಡದ್ದೂ ಅದೇ ದಿಕ್ಕಿನಲ್ಲಿದೆ. ಇಂದಿನ ಅಂತಾರಾಷ್ಟ್ರೀಯ ಮಾರ್ಗಸೂಚಿಗಳೂ ಸಿವಿಟಿಯಿಂದಾದ ಮೆದುಳಿನ ರಕ್ತಸ್ರಾವ ಹೆಪಾರಿನ್‌ಗೆ ಅಡ್ಡಿಯಲ್ಲ ಎನ್ನುತ್ತವೆ.

ಹೆಪಾರಿನ್ ಶುರುವಾದ ಮೇಲೆ ಪ್ಲೇಟ್‌ಲೆಟ್ ಲೆಕ್ಕ ನೋಡುತ್ತಿರಬೇಕು, ವಿಶೇಷವಾಗಿ 5ರಿಂದ 10ನೇ ದಿನದ ನಡುವೆ. ಅಪರೂಪಕ್ಕೆ ಹೆಪಾರಿನ್‌ನಿಂದಲೇ ಪ್ಲೇಟ್‌ಲೆಟ್ ಕುಸಿದು ಹೊಸ ಹೆಪ್ಪು ಕಟ್ಟುತ್ತದೆ. ಆಗ ಔಷಧ ಬದಲಿಸುತ್ತಾರೆ.

ಮನೆಯಲ್ಲಿ ಇಂಜೆಕ್ಷನ್ ಮುಂದುವರಿಸಬೇಕಾದರೆ ಡಿಸ್ಚಾರ್ಜ್‌ಗೆ ಮುಂಚೆ ನರ್ಸ್ ಮುಂದೆ ನೀವೇ ಒಮ್ಮೆ ಕೊಟ್ಟು ತೋರಿಸಿ. ಹೊಕ್ಕುಳಿನಿಂದ 5 ಸೆಂಟಿಮೀಟರ್ ದೂರ, ಸಿಸೇರಿಯನ್ ಗಾಯದಿಂದ ದೂರ, ದಿನಕ್ಕೊಂದು ಪಕ್ಕ. ಚರ್ಮವನ್ನು ಚಿವುಟಿ ಹಿಡಿದು ನೇರವಾಗಿ ಚುಚ್ಚಿ. ಆಮೇಲೆ ಉಜ್ಜಬೇಡಿ, ಉಜ್ಜಿದರೆ ನೀಲಿಗಟ್ಟುತ್ತದೆ.

## ಹಂತ 7: ಆಸ್ಪತ್ರೆಯಲ್ಲಿ ನಡೆಯುವ ಉಳಿದ ಕೆಲಸ

ಫಿಟ್ಸ್ ಬಂದಿದ್ದರೆ ಅದಕ್ಕೆ ಔಷಧ ಕೊಡುತ್ತಾರೆ, ಹೆಚ್ಚಾಗಿ ಲೆವೆಟಿರಾಸಿಟಾಮ್. ಫೆನಿಟಾಯಿನ್, ಕಾರ್ಬಮಜಪೀನ್ ಕೊಟ್ಟಿದ್ದರೆ ಅವು ರಕ್ತ ತೆಳು ಮಾಡುವ ಮಾತ್ರೆಯ ಕೆಲಸದಲ್ಲಿ ಕೈಹಾಕುತ್ತವೆ. ಎರಡನ್ನೂ ಬೇರೆ ಬೇರೆ ವೈದ್ಯರು ಬರೆದಿದ್ದರೆ ಇಬ್ಬರಿಗೂ ಗೊತ್ತಿರಲಿ. ಕಿವಿ ಅಥವಾ ಮುಖದ ಸೋಂಕು ಕಾರಣವಾಗಿದ್ದರೆ ಆಂಟಿಬಯಾಟಿಕ್ ಬೇಕು, ಕೆಲವೊಮ್ಮೆ ಕಿವಿಯ ಶಸ್ತ್ರಚಿಕಿತ್ಸೆಯೂ ಬೇಕು. ಸ್ಟೀರಾಯ್ಡ್ ಇದಕ್ಕೆ ಮಾಮೂಲು ಚಿಕಿತ್ಸೆಯಲ್ಲ. ಬೆಹ್ಸೆಟ್‌ನಂಥ ಉರಿಯೂತದ ಕಾಯಿಲೆಯಿದ್ದಾಗ ಮಾತ್ರ ಅದರ ಮಾತು.

ತೊಡೆಯಿಂದ ತೂರುನಳಿಕೆ ಕಳಿಸಿ ಹೆಪ್ಪು ತೆಗೆಯುವ ವಿಧಾನವಿದೆ. ಎಲ್ಲರಿಗೂ ಅದೇ ಬೇಕು ಎಂದು ಹಠ ಹಿಡಿಯಬೇಡಿ. 2020ರಲ್ಲಿ ಪ್ರಕಟವಾದ ಟಿಓ-ಆ್ಯಕ್ಟ್ ಅಧ್ಯಯನದಲ್ಲಿ ಅದು ಔಷಧಕ್ಕಿಂತ ಹೆಚ್ಚಿನ ಲಾಭ ತೋರಿಸಲಿಲ್ಲ. ಹೆಪಾರಿನ್ ಕೊಟ್ಟರೂ ಹದಗೆಡುತ್ತಿರುವವರಿಗೆ ತಜ್ಞರು ಯೋಚಿಸುತ್ತಾರೆ.

ಮೆದುಳು ಒಂದು ಪಕ್ಕ ತುಂಬ ಊದಿ ಇನ್ನೊಂದು ಪಕ್ಕಕ್ಕೆ ತಳ್ಳುತ್ತಿದ್ದರೆ ತಲೆಬುರುಡೆಯ ಒಂದು ತುಂಡು ತೆಗೆದು ಜಾಗ ಮಾಡುವ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಕೇಳಿದರೇ ಎದೆ ಝಲ್ಲೆನ್ನುತ್ತದೆ. ಆದರೆ ಸಿವಿಟಿಯಲ್ಲಿ ಅದು ಕೊನೆಯ ಆಸೆ ಎಂದು ಮಾಡುವ ಕೆಲಸವಲ್ಲ. ಸಕಾಲದಲ್ಲಿ ಆದರೆ ಜೀವ ಉಳಿಯುತ್ತದೆ, ಎಷ್ಟೋ ಮಂದಿ ಆಮೇಲೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಾರೆ. ವೈದ್ಯರು ಈ ಮಾತೆತ್ತಿದರೆ "ಊರಿನ ಹಿರಿಯರನ್ನು ಕೇಳಿ ನಾಳೆ ಹೇಳ್ತೀವಿ" ಎನ್ನಬೇಡಿ. ಇಲ್ಲಿ ಗಂಟೆಗಳ ಲೆಕ್ಕ.

## ಹಂತ 8: ಕಾರಣ ಹುಡುಕುವ ಪರೀಕ್ಷೆ, ಸರಿಯಾದ ಹೊತ್ತಿನಲ್ಲಿ

ರಕ್ತದ ಪೂರ್ತಿ ಎಣಿಕೆ, ಬಿ12, ಹೋಮೋಸಿಸ್ಟೀನ್, ಹೆಪ್ಪು ಕಟ್ಟುವ ಸಾಧ್ಯತೆ ಹೆಚ್ಚಿಸುವ ಆಂಟಿಫಾಸ್ಫೊಲಿಪಿಡ್ ಆಂಟಿಬಾಡಿ ಇವುಗಳನ್ನು ಹೇಳಬಹುದು. ಪ್ರೊಟೀನ್ ಸಿ, ಪ್ರೊಟೀನ್ ಎಸ್, ಆಂಟಿಥ್ರಾಂಬಿನ್ ಎಂಬವು ರಕ್ತ ಅತಿಯಾಗಿ ಹೆಪ್ಪುಗಟ್ಟದಂತೆ ತಡೆಯುವ ಅಂಶಗಳು, ಇವುಗಳ ಪರೀಕ್ಷೆಗಳು ದುಬಾರಿ. ಅವನ್ನು ಅಡ್ಮಿಟ್ ಆದ ದಿನವೇ ಮಾಡಿಸಿ ದುಡ್ಡು ಕಳೆದುಕೊಳ್ಳುವವರು ಬಹಳ. ಹೊಸ ಹೆಪ್ಪು ಇರುವಾಗ ಇವು ತಪ್ಪಾಗಿ ಕಡಿಮೆ ಬರಬಹುದು. ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆಯಿಂದ ಪ್ರೊಟೀನ್ ಸಿ ಮತ್ತು ಎಸ್ ಇಳಿಯುತ್ತವೆ, ಹೆಪಾರಿನ್‌ನಿಂದ ಆಂಟಿಥ್ರಾಂಬಿನ್ ಇಳಿಯುತ್ತದೆ, ಬಸಿರಿನಿಂದಲೇ ಪ್ರೊಟೀನ್ ಎಸ್ ಇಳಿಯುತ್ತದೆ. "ಈ ಪರೀಕ್ಷೆ ಈಗ ಬೇಕಾ, ಮಾತ್ರೆ ಮುಗಿದ ಮೇಲಾ?" ಎಂದು ಕೇಳಿ.

ಬಿ12 ಕಡಿಮೆ ಎಂದು ಗೊತ್ತಾದರೆ ಇಂಜೆಕ್ಷನ್ ತೆಗೆದುಕೊಳ್ಳಿ. ಆದರೆ ಬಿ12 ಸರಿಹೋಯಿತು ಎಂದು ರಕ್ತ ತೆಳು ಮಾಡುವ ಮಾತ್ರೆ ಬಿಡುವಂತಿಲ್ಲ.

## ಹಂತ 9: ಮನೆಯಲ್ಲಿ ಮಾತ್ರೆಯ ತಿಂಗಳುಗಳು

ಇಂಜೆಕ್ಷನ್ ನಂತರ ಮಾತ್ರೆ. ಎಷ್ಟು ಕಾಲ? ಹೆರಿಗೆ, ಸೋಂಕು, ಹಾರ್ಮೋನ್ ಮಾತ್ರೆಯಂಥ ತಾತ್ಕಾಲಿಕ ಕಾರಣವಿದ್ದರೆ ಸಾಮಾನ್ಯವಾಗಿ 3ರಿಂದ 6 ತಿಂಗಳು. ಕಾರಣವೇ ಸಿಗದಿದ್ದರೆ 6ರಿಂದ 12 ತಿಂಗಳು. ಮತ್ತೆ ಮತ್ತೆ ಹೆಪ್ಪು ಕಟ್ಟುವವರಿಗೆ, ಆಂಟಿಫಾಸ್ಫೊಲಿಪಿಡ್ ಸಿಂಡ್ರೋಮ್ ಇರುವವರಿಗೆ ಜೀವನಪೂರ್ತಿ ಬೇಕಾಗಬಹುದು. ತಲೆನೋವು ಹೋಯಿತು ಎನ್ನುವುದು ಮಾತ್ರೆ ನಿಲ್ಲಿಸಲು ಕಾರಣವಲ್ಲ.

ಮಾತ್ರೆಯಲ್ಲಿ ಎರಡು ಬಗೆ. ಹಳೆಯವು ವಾರ್ಫರಿನ್ ಮತ್ತು ಅಸೆನೊಕೌಮರಾಲ್. ಇವಕ್ಕೆ ಐಎನ್‌ಆರ್ ಎಂಬ ರಕ್ತ ಪರೀಕ್ಷೆ ಬೇಕೇ ಬೇಕು. ಅದು 2ರಿಂದ 3ರ ನಡುವೆ ಇರಬೇಕು. 2ಕ್ಕಿಂತ ಕಡಿಮೆಯಾದರೆ ಮತ್ತೆ ಹೆಪ್ಪು, 3ಕ್ಕಿಂತ ಜಾಸ್ತಿಯಾದಷ್ಟೂ ರಕ್ತಸ್ರಾವದ ಅಪಾಯ. ಮಾತ್ರೆ ಶುರುವಾದ ಕೂಡಲೇ ಕೆಲಸ ಮಾಡುವುದಿಲ್ಲ. ಅದಕ್ಕೇ ಕನಿಷ್ಠ 5 ದಿನ, ಐಎನ್‌ಆರ್ 2 ಮುಟ್ಟಿ ನಿಲ್ಲುವವರೆಗೆ, ಇಂಜೆಕ್ಷನ್ ಜೊತೆಗೇ ನಡೆಯುತ್ತದೆ. ಮಾತ್ರೆ ಸಿಕ್ಕಿತಲ್ಲ ಎಂದು ಇಂಜೆಕ್ಷನ್ ಬಿಡಬೇಡಿ.

ಒಂದು ಪುಟ್ಟ ನೋಟ್‌ಬುಕ್ ಇಡಿ. ತಾರೀಕು, ಐಎನ್‌ಆರ್, ಮಾತ್ರೆ ಎಷ್ಟು ಮಿಲಿಗ್ರಾಂ ಎಂದು ಮೂರು ಸಾಲು ಸಾಕು. ಸಂಜೆ ಒಂದೇ ಹೊತ್ತಿಗೆ ನುಂಗಿ. ಮರೆತರೆ ಮರುದಿನ ಎರಡು ನುಂಗಬೇಡಿ.

ಸೊಪ್ಪು ತಿನ್ನಲೇಬಾರದು ಎಂದು ಹೆದರಿಸುವವರಿದ್ದಾರೆ. ಹಾಗೇನಿಲ್ಲ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಹಳೆಯ ಮಾತ್ರೆಗಳ ಬಲ ತಗ್ಗಿಸುತ್ತದೆ, ನಿಜ. ಆದರೆ ವಾರವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿಂದರೆ ಮಾತ್ರೆಯನ್ನು ಅದಕ್ಕೆ ತಕ್ಕಂತೆ ಹೊಂದಿಸುತ್ತಾರೆ. ತಿಂಗಳುಗಟ್ಟಲೆ ಬಿಟ್ಟು, ಒಂದು ವಾರ ಬಸ್ಸಾರು, ನುಗ್ಗೆಸೊಪ್ಪಿನ ಪಲ್ಯ ಎಂದು ದಿನವೂ ತಿನ್ನುವುದೇ ತೊಂದರೆ.

ಮೈಕೈ ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ನುಂಗಬೇಡಿ. ಬೇಕಾದರೆ ಪ್ಯಾರಾಸಿಟಮಾಲ್, ಅದೂ ಹೇಳಿದಷ್ಟೇ. ಮೆಟ್ರೊನಿಡಜೋಲ್, ಫ್ಲುಕೊನಜೋಲ್ ಐಎನ್‌ಆರ್ ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇಳಿಸುತ್ತದೆ. ನಾಟಿ ಔಷಧದಲ್ಲಿ ಏನಿದೆ ಎಂದು ಯಾರಿಗೂ ಹೇಳಲಾಗದು, ಈ ತಿಂಗಳುಗಳಲ್ಲಿ ಬೇಡ. ಸ್ನಾಯುವಿಗೆ ಇಂಜೆಕ್ಷನ್ ಕೊಡುವ ಮುಂಚೆ, ಹಲ್ಲು ಕೀಳಿಸುವ ಮುಂಚೆ ಮಾತ್ರೆಯ ವಿಷಯ ಹೇಳಿ.

ಹೊಸ ಬಗೆಯವು ಡಾಬಿಗಟ್ರಾನ್, ರಿವರೊಕ್ಸಬಾನ್, ಎಪಿಕ್ಸಬಾನ್. ಐಎನ್‌ಆರ್ ತಲೆನೋವಿಲ್ಲ. 2019ರ ಅಧ್ಯಯನದಲ್ಲಿ ಸಿವಿಟಿಯ 120 ರೋಗಿಗಳಲ್ಲಿ ಡಾಬಿಗಟ್ರಾನ್ ಮತ್ತು ವಾರ್ಫರಿನ್ ಹೋಲಿಸಿದಾಗ ಎರಡೂ ಗುಂಪಿನಲ್ಲಿ ಯಾರಿಗೂ ಮತ್ತೆ ಹೆಪ್ಪು ಕಟ್ಟಲಿಲ್ಲ. ಪರೀಕ್ಷೆಗೆ ಪೇಟೆಗೆ ಬರುವುದೇ ಕಷ್ಟ ಎನ್ನುವ ಹಳ್ಳಿಯವರಿಗೆ ಇವು ದೊಡ್ಡ ಅನುಕೂಲ ಎಂದು ನನ್ನ ಭಾವನೆ. ಆದರೆ ಒಂದೆರಡು ಡೋಸ್ ತಪ್ಪಿದರೂ ರಕ್ಷಣೆ ಬೇಗ ಇಳಿಯುತ್ತದೆ. ರಿವರೊಕ್ಸಬಾನ್ ಊಟದ ಜೊತೆಗೇ ನುಂಗಬೇಕು. ಡಾಬಿಗಟ್ರಾನ್ ಕ್ಯಾಪ್ಸೂಲ್ ಬಿಡಿಸಿ ನುಂಗಬಾರದು. ಬಸುರಿಯರಿಗೆ, ಮೊಲೆಯೂಡಿಸುವವರಿಗೆ, ಆಂಟಿಫಾಸ್ಫೊಲಿಪಿಡ್ ಸಿಂಡ್ರೋಮ್ ಇರುವವರಿಗೆ ಇವು ಸಾಮಾನ್ಯವಾಗಿ ಬೇಡ. ಬಾಣಂತಿಗೆ ಹೆಪಾರಿನ್ ಅಥವಾ ವಾರ್ಫರಿನ್ ನಡೆಯುತ್ತಿದ್ದರೆ ಮಗುವಿಗೆ ಹಾಲು ಕೊಡಬಹುದು. "ಮಾತ್ರೆ ನುಂಗ್ತೀಯ, ಹಾಲು ಬಿಡಿಸು" ಎಂಬ ಮಾತು ಕೇಳಬೇಡಿ.

ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭ: ಮಲ ಡಾಂಬರಿನಂತೆ ಕಪ್ಪಾದರೆ, ಮೂತ್ರ ಕೆಂಪಾದರೆ, ಮೂಗು ಅಥವಾ ವಸಡಿನ ರಕ್ತ ನಿಲ್ಲದಿದ್ದರೆ, ಮುಟ್ಟಿನಲ್ಲಿ ಗಂಟೆಗೊಂದು ಪ್ಯಾಡ್ ತೋಯ್ದರೆ, ತಲೆಗೆ ಪೆಟ್ಟು ಬಿದ್ದರೆ, ತಲೆನೋವು ಮತ್ತೆ ಏರತೊಡಗಿದರೆ.

## ಹಂತ 10: ಕಣ್ಣು, ಮರು ಸ್ಕ್ಯಾನ್, ಗಾಡಿ ಓಡಿಸುವುದು

ಕಣ್ಣಿನ ಪರೀಕ್ಷೆಯನ್ನು ಎಲ್ಲರೂ ಮರೆಯುತ್ತಾರೆ. ತಲೆಯೊಳಗಿನ ಒತ್ತಡ ದೃಷ್ಟಿಯ ನರವನ್ನು ಹಿಂದಿನಿಂದ ಒತ್ತುತ್ತದೆ. ತಲೆನೋವು ತಗ್ಗಿದ ಮೇಲೂ ಇದು ಒಳಗೊಳಗೇ ನಡೆದು ದೃಷ್ಟಿ ಅಂಚಿನಿಂದ ಕಡಿಮೆಯಾಗಬಹುದು. ಕನ್ನಡಕದ ಅಂಗಡಿಯ ಪರೀಕ್ಷೆ ಸಾಲದು. ನೇತ್ರತಜ್ಞರಿಂದ ಕಣ್ಣಿನ ಹಿಂಭಾಗದ ಪರೀಕ್ಷೆ ಮತ್ತು ದೃಷ್ಟಿ ಅಂಚಿನವರೆಗೂ ಇದೆಯೇ ಎಂದು ನೋಡುವ ಫೀಲ್ಡ್ ಟೆಸ್ಟ್ ಆಗಬೇಕು.

3ರಿಂದ 6 ತಿಂಗಳ ಹೊತ್ತಿಗೆ ಮತ್ತೊಮ್ಮೆ ವೀನೋಗ್ರಾಮ್ ಮಾಡುತ್ತಾರೆ. ಹೆಚ್ಚಿನವರಲ್ಲಿ ಕಾಲುವೆ ಪೂರ್ತಿ ಅಥವಾ ಸ್ವಲ್ಪ ತೆರೆದಿರುತ್ತದೆ. ಪೂರ್ತಿ ತೆರೆಯದಿದ್ದರೂ ಗಾಬರಿ ಬೇಡ, ಪಕ್ಕದ ನಾಳಗಳು ಆ ಕೆಲಸ ವಹಿಸಿಕೊಳ್ಳುತ್ತವೆ. ಫಿಟ್ಸ್ ಬಂದಿದ್ದವರು ವೈದ್ಯರು ಒಪ್ಪುವವರೆಗೆ ಗಾಡಿ ಓಡಿಸಬಾರದು, ಒಬ್ಬರೇ ಬಾವಿ ಕೆರೆಗೆ ಇಳಿಯಬಾರದು. ಫಿಟ್ಸ್ ಮಾತ್ರೆಯನ್ನೂ ತಾವಾಗಿ ನಿಲ್ಲಿಸಬಾರದು.

## ಹಂತ 11: ಮುಂದಿನ ಬಸಿರು

"ಇನ್ನು ಮಕ್ಕಳು ಬೇಡ" ಎಂದು ಮನೆಯಲ್ಲಿ ತೀರ್ಮಾನಿಸಿಬಿಡುವುದನ್ನು ಕೇಳಿದ್ದೇನೆ. ಅದು ಬೇಕಿಲ್ಲ. ಸಿವಿಟಿ ಆಗಿದ್ದ ಮಾತ್ರಕ್ಕೆ ಮತ್ತೆ ಬಸುರಿಯಾಗಬಾರದು ಎಂದಿಲ್ಲ. ಆದರೆ ಹೇಳಿ ಕೇಳಿ ಆಗಬೇಕು. ವಾರ್ಫರಿನ್ ನುಂಗುತ್ತಿರುವಾಗ ಬಸಿರಾದರೆ ಭ್ರೂಣಕ್ಕೆ ತೊಂದರೆಯಾಗಬಹುದು. ಮುಟ್ಟು ತಪ್ಪಿದ ಕೂಡಲೇ ಪರೀಕ್ಷೆ ಮಾಡಿ ವೈದ್ಯರನ್ನು ಕಾಣಿ, ಅವರು ಹೆಪಾರಿನ್‌ಗೆ ಬದಲಿಸುತ್ತಾರೆ. ಹಿಂದೆ ಸಿವಿಟಿ ಆದವರಿಗೆ ಬಸಿರಿನಲ್ಲಿ ಮತ್ತು ಹೆರಿಗೆಯಾಗಿ ಕನಿಷ್ಠ 6 ವಾರ ತಡೆಗಟ್ಟುವ ಪ್ರಮಾಣದ ಹೆಪಾರಿನ್ ಇಂಜೆಕ್ಷನ್ ಕೊಡುವುದು ರೂಢಿ.

ಅಲ್ಲಿಯವರೆಗೆ ಗರ್ಭನಿರೋಧಕಕ್ಕೆ ಈಸ್ಟ್ರೋಜನ್ ಇರುವ ಮಾತ್ರೆ ಬೇಡವೇ ಬೇಡ. ಕಾಂಡೋಮ್ ಆಗುತ್ತದೆ. ಕಾಪರ್-ಟಿ ಆಗುತ್ತದೆ, ಆದರೆ ರಕ್ತ ತೆಳು ಮಾಡುವ ಮಾತ್ರೆ ನಡೆಯುತ್ತಿದ್ದರೆ ಮುಟ್ಟಿನ ಸ್ರಾವ ಜಾಸ್ತಿಯಾಗಬಹುದು. ಆಗ ಗರ್ಭಕೋಶದೊಳಗೆ ಹಾಕುವ ಹಾರ್ಮೋನ್ ಸಾಧನದ ಬಗ್ಗೆ ಕೇಳಿ, ಅದು ಸ್ರಾವವನ್ನು ತಗ್ಗಿಸುತ್ತದೆ.

ತಾಯಿ ಕಾರ್ಡ್‌ನ ಮೊದಲ ಪುಟದಲ್ಲಿ "ಹಿಂದೆ ಸಿವಿಟಿ ಆಗಿದೆ, ಈಸ್ಟ್ರೋಜನ್ ಕೊಡಬಾರದು" ಎಂದು ಕೆಂಪು ಪೆನ್ನಿನಲ್ಲಿ ಬರೆಸಿ. ಆಶಾ ಕಾರ್ಯಕರ್ತೆಗೂ ಇದೇ ಮಾತನ್ನು ಹೇಳಿಡಿ.